ಗಾರ್ಡಿಯನ್ ಇಲ್ಲದ ರೋಗಿ

ಆಫ್ರಿಕಾದ ಮಲಾವಿಯ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಆದರೆ ರೋಗಿಯ ಜೊತೆಗೆ ಅವನ ಕಡೆಯವರೊಬ್ಬರು ಇರಲೇಬೇಕು. ಅವರನ್ನು ಅಲ್ಲಿ ಎಲ್ಲರೂ ಗಾರ್ಡಿಯನ್ ಎಂದು ಕರೆಯುತ್ತಾರೆ. ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಒಗೆಯುವುದು, ಎಕ್ಸ್‌ರೇ ಕೋಣೆಯವರೆಗೆ ತಳ್ಳಿಕೊಂಡು ಹೋಗುವುದು, ರಾತ್ರಿ ಜ್ವರ ಏರಿದರೆ ನರ್ಸನ್ನು ಹುಡುಕಿ ಕರೆತರುವುದು, ಇವೆಲ್ಲ ಗಾರ್ಡಿಯನ್ನರ ಕೆಲಸ. ತಾಯಿ, ಹೆಂಡತಿ, ಅಕ್ಕ, ಅಜ್ಜಿ, ಹೀಗೆ ಹೆಚ್ಚಾಗಿ ಹೆಂಗಸರೇ ಬಂದು ಆಸ್ಪತ್ರೆಯ ಆವರಣದ ಷೆಡ್ಡಿನಲ್ಲಿ ಉಳಿಯುತ್ತಾರೆ, ಅಲ್ಲಿಯೇ ಒಲೆ ಹೂಡಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಮಾಡುತ್ತಾರೆ, ವಾರ್ಡಿನ ನೆಲದ ಮೇಲೆ ಚಿಟೆಂಜೆ ಬಟ್ಟೆ ಹಾಸಿಕೊಂಡು ಮಲಗುತ್ತಾರೆ. ಒಬ್ಬ ನರ್ಸಿನ ಪಾಲಿಗೆ ಅಷ್ಟೊಂದು ರೋಗಿಗಳು ಬರುವ ಕಡೆ ಆಸ್ಪತ್ರೆ ನಡೆಯುತ್ತಿರುವುದೇ ಈ ಹೆಂಗಸರಿಂದ. ಹಾಗಿರುವಾಗ ಗಾರ್ಡಿಯನ್ ಇಲ್ಲದೆ ಬಂದ ರೋಗಿಯ ಗತಿ ಏನು ಎಂಬ ಪ್ರಶ್ನೆ ನನಗೆ ಎದುರಾದದ್ದು ದಕ್ಷಿಣ ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ. ಆಸ್ಪತ್ರೆಯ ಹೆಸರನ್ನೂ ರೋಗಿಯ ಹೆಸರನ್ನೂ ನಾನು ಇಲ್ಲಿ ಹೇಳುವುದಿಲ್ಲ.

ನಾನು ಹಲವು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸಾಗಿ ಕೆಲಸ ಮಾಡಿದವಳು. ಮಲಾವಿಗೆ ಹೋದದ್ದು ಸ್ವಯಂಸೇವಕಿಯಾಗಿ, ಆಸ್ಪತ್ರೆಯ ಔಷಧ ಉಗ್ರಾಣದ ದಾಸ್ತಾನು ಪುಸ್ತಕಗಳನ್ನು ಸರಿಪಡಿಸಿಕೊಡುವುದಕ್ಕೆ. ಅಲ್ಲಿನ ನರ್ಸ್ ಮತ್ತು ಸೂಲಗಿತ್ತಿಯರ ಮಂಡಳಿಯಲ್ಲಿ ನೋಂದಣಿ ಆಗದ ಯಾರೂ ಶುಶ್ರೂಷೆ ಮಾಡುವಂತಿಲ್ಲ, ಆ ನೋಂದಣಿ ನನಗಿರಲಿಲ್ಲ. ಆದ್ದರಿಂದ ರೋಗಿಗೆ ಏನು ಆಗಬೇಕೆಂಬುದು ತಿಳಿದಿದ್ದರೂ ಅದನ್ನು ನನ್ನ ಕೈಯಾರೆ ಮಾಡುವ ಅಧಿಕಾರವಿರಲಿಲ್ಲ. ಈ ಕಟ್ಟುಪಾಡು ಸರಿಯಾದದ್ದೇ ಎಂದು ನಾನು ಈಗಲೂ ಹೇಳುತ್ತೇನೆ. ಹೊರಗಿನಿಂದ ಬಂದವರು ಯಾರು ಬೇಕಾದರೂ ಗಾಯಕ್ಕೆ ಕೈ ಹಾಕಬಹುದು ಎಂದಾದರೆ ಆ ದೇಶದ ರೋಗಿಗಳಿಗೆ ರಕ್ಷಣೆಯೇ ಇರುವುದಿಲ್ಲ.

ಗಂಡಸರ ವಾರ್ಡಿಗೆ ಬ್ಯಾಂಡೇಜಿನ ಲೆಕ್ಕ ತೆಗೆದುಕೊಳ್ಳಲು ಹೋಗಿದ್ದಾಗ ಆ ಹುಡುಗನನ್ನು ನೋಡಿದೆ. ವಯಸ್ಸು ಇಪ್ಪತ್ತರ ಆಸುಪಾಸು. ಕೂಲಿ ಅರಸಿಕೊಂಡು ದೇಶದ ಉತ್ತರ ಭಾಗದ ರುಂಫಿ ಜಿಲ್ಲೆಯಿಂದ ಸುಮಾರು 700 ಕಿಲೋಮೀಟರ್ ದೂರ ಬಂದು, ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದವನು, ಮಾವಿನ ಮರ ಹತ್ತಿ ಬಿದ್ದಿದ್ದ. ಮಲಾವಿಯಲ್ಲಿ ಇದು ಅಪರೂಪದ ಅಪಘಾತವಲ್ಲ. ಮಳೆಗಾಲ ಶುರುವಾಗುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮಾವು ಹಣ್ಣಾಗುತ್ತದೆ. ಹಿಂದಿನ ವರ್ಷದ ಮೆಕ್ಕೆಜೋಳ ಮುಗಿಯುತ್ತ ಬಂದು ಹೊಸ ಬೆಳೆ ಇನ್ನೂ ಹೊಲದಲ್ಲಿರುವ ಕಾಲವೂ ಅದೇ. ಹಸಿದವರು ಮರ ಹತ್ತುತ್ತಾರೆ, ಮಳೆಗೆ ನೆನೆದ ಕೊಂಬೆಯಲ್ಲಿ ಕಾಲು ಜಾರುತ್ತದೆ. ಆ ತಿಂಗಳುಗಳಲ್ಲಿ ಮೂಳೆ ಮುರಿದು ಬರುವ ಮಕ್ಕಳಲ್ಲಿ, ಯುವಕರಲ್ಲಿ ಎಷ್ಟೋ ಮಂದಿ ಮಾವಿನ ಮರದಿಂದ ಬಿದ್ದವರೇ. ಇವನಿಗೆ ಎದೆಗೂಡು ಮುಗಿದು ಸೊಂಟ ಆರಂಭವಾಗುವ ಜಾಗದಲ್ಲಿ ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿತ್ತು. ಕೈಗಳಲ್ಲಿ ಪೂರ್ಣ ಶಕ್ತಿಯಿತ್ತು, ಸೊಂಟದ ಕೆಳಗೆ ಚಲನೆಯೂ ಸ್ಪರ್ಶವೂ ಇರಲಿಲ್ಲ. ಜೊತೆಯ ಕೂಲಿಗಳು ಅವನನ್ನು ತಂದು ಸೇರಿಸಿ, ಮೊದಲ ಕೆಲವು ದಿನ ಬಂದು ನೋಡಿ, ಕೆಲಸ ಮುಗಿದ ಮೇಲೆ ಬೇರೆ ಊರಿಗೆ ಹೊರಟುಹೋಗಿದ್ದರು.

ನಾನು ನೋಡಿದಾಗ ಮಧ್ಯಾಹ್ನ ಕಳೆದಿತ್ತು. ಬೆಳಗಿನ ಗಂಜಿ ಮಂಚದ ಪಕ್ಕದ ಲಾಕರಿನ ಮೇಲೆ ಎನಾಮಲ್ ಬಟ್ಟಲಿನಲ್ಲಿ ಕೆನೆಗಟ್ಟಿ ಕೂತಿತ್ತು. ಅವನು ಅಂಗಾತ ಮಲಗಿದ್ದ. ಲಾಕರು ತಲೆಯ ಹಿಂಬದಿಗೆ ಸರಿದಿದ್ದರಿಂದ, ಕೈ ಎಷ್ಟು ಚಾಚಿದರೂ ಬಟ್ಟಲು ಸಿಗುತ್ತಿರಲಿಲ್ಲ. ಹಾಸಿಗೆಯ ರೆಕ್ಸಿನ್ ನಡುವೆ ಹರಿದು, ಒಳಗಿನ ಸ್ಪಂಜು ಒದ್ದೆಯಾಗಿ ಕುಸಿದು, ಅವನ ಸೊಂಟ ಹೆಚ್ಚು ಕಡಿಮೆ ಮಂಚದ ಕಬ್ಬಿಣದ ಪಟ್ಟಿಯ ಮೇಲೆಯೇ ಇತ್ತು. ಮೂತ್ರದ ಚೀಲ ತುಂಬಿ ನೆಲಕ್ಕೆ ತಾಗಿತ್ತು, ಅದರೊಳಗಿನ ಮೂತ್ರ ಕಡುಬಣ್ಣಕ್ಕೆ ತಿರುಗಿ ಮಸುಕಾಗಿತ್ತು. ಹತ್ತಿರ ಹೋದೊಡನೆ ಬಂದ ವಾಸನೆ ನನಗೆ ಹಳೆಯ ಪರಿಚಯ, ಮಲಗಿದಲ್ಲೇ ಮಲಗಿ ಆಗುವ ಹುಣ್ಣಿನದು, ಬೆಡ್‌ಸೋರಿನದು. ಡ್ರೆಸಿಂಗ್ ಮಾಡುವ ಹೊತ್ತಿಗೆ ಪಾಳಿಯ ನರ್ಸಿನ ಅನುಮತಿಯಿಂದ ಪಕ್ಕದಲ್ಲಿ ನಿಂತು ನೋಡಿದೆ. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ, ಅಂಗೈ ಅಗಲದ ಹುಣ್ಣು. ನಡುವೆ ಸತ್ತ ಮಾಂಸ ಕಪ್ಪು ಹಕ್ಕಳೆಯಾಗಿ ಕೂತಿತ್ತು, ಅಂಚಿನ ಕೆಳಗೆ ಕೀವು ಒಳಕ್ಕೆ ಕೊರೆದುಕೊಂಡು ಹೋಗಿತ್ತು. ಎರಡೂ ಹಿಮ್ಮಡಿಗಳ ಚರ್ಮ ನೀಲಿಗಟ್ಟಿತ್ತು.

ನೀರು ಯಾಕೆ ಕುಡಿಯುತ್ತಿಲ್ಲ ಎಂದು ವಾರ್ಡಿನ ಸಹಾಯಕರೊಬ್ಬರ ಮೂಲಕ ಕೇಳಿಸಿದೆ. ಅವನ ಮನೆಮಾತು ತುಂಬುಕಾ, ದಕ್ಷಿಣದ ಚಿಚೆವಾ ಅವನಿಗೆ ಅರೆಬರೆ. ಕುಡಿದರೆ ಚೀಲ ಬೇಗ ತುಂಬುತ್ತದೆ, ತುಂಬಿದರೆ ಖಾಲಿ ಮಾಡಲು ಯಾರನ್ನಾದರೂ ಕರೆಯಬೇಕಾಗುತ್ತದೆ, ಅದಕ್ಕೇ ಕಡಿಮೆ ಮಾಡಿದ್ದೇನೆ ಎಂದ. ಊಟವನ್ನೂ ಅದೇ ಕಾರಣಕ್ಕೆ ಕಡಿಮೆ ಮಾಡಿಕೊಂಡಿದ್ದ. ಇತರರಿಗೆ ಹೊರೆಯಾಗಬಾರದೆಂದು ಒಬ್ಬ ಹುಡುಗ ತನ್ನ ದಾಹವನ್ನೇ ಅಡಗಿಸಿಕೊಂಡಿದ್ದ. ಆ ಮಾತು ಕೇಳಿದ ಮೇಲೆ ಉಗ್ರಾಣದ ಲೆಕ್ಕದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ.

ಬೆಡ್‌ಸೋರ್ ಹೇಗಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮ ಮತ್ತು ಮಾಂಸಕ್ಕೆ, ಒತ್ತಡದಿಂದ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು, ರಕ್ತ ಹರಿಯುವುದು ನಿಲ್ಲುತ್ತದೆ. ನಾವೆಲ್ಲ ನಿದ್ದೆಯಲ್ಲೂ ಮಗ್ಗುಲು ಬದಲಿಸುವುದು ಆ ನೋವು ನಮ್ಮನ್ನು ಎಚ್ಚರಿಸುವುದರಿಂದ. ಸ್ಪರ್ಶವೇ ಇಲ್ಲದವನಿಗೆ ಆ ಎಚ್ಚರಿಕೆ ಬರುವುದಿಲ್ಲ, ಹಾಗಾಗಿ ಕೆಲವೇ ಗಂಟೆಗಳಲ್ಲಿ ಮಾಂಸ ಸಾಯಲು ಆರಂಭವಾಗುತ್ತದೆ. ಮೂತ್ರದ ತೇವ, ಒರಟು ಹಾಸಿಗೆ, ಊಟದ ಕೊರತೆ ಇವು ಸೇರಿದರೆ ಹುಣ್ಣು ಮೂಳೆಯವರೆಗೂ ಇಳಿದು, ನಂಜು ರಕ್ತಕ್ಕೆ ಏರಿ, ರೋಗಿ ಮುರಿದ ಬೆನ್ನಿನಿಂದ ಸಾಯದೆ ಹುಣ್ಣಿನಿಂದ ಸಾಯುತ್ತಾನೆ. ಒಂದು ಕಾಲದಲ್ಲಿ ಶ್ರೀಮಂತ ದೇಶಗಳಲ್ಲೂ ಬೆನ್ನುಹುರಿಗೆ ಪೆಟ್ಟಾದವರ ಗತಿ ಇದೇ ಆಗಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ವಾರ್ಡನ್ನು ವಹಿಸಿಕೊಂಡ ವೈದ್ಯ ಲುಡ್ವಿಗ್ ಗುಟ್‌ಮನ್ ಹಗಲು ರಾತ್ರಿಯೆನ್ನದೆ ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಹೊರಳಿಸಲೇಬೇಕೆಂದು ಹಟ ಹಿಡಿದರು. ರಾತ್ರಿ ತಾವೇ ವಾರ್ಡಿಗೆ ಬಂದು, ಹೇಳಿದಂತೆ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಕೆಲವೇ ತಿಂಗಳಲ್ಲಿ ಸಾಯುತ್ತಾರೆಂದು ವೈದ್ಯರೇ ಕೈಚೆಲ್ಲಿದ್ದವರು ಬದುಕಿದರು, ಗಾಲಿಕುರ್ಚಿಯಲ್ಲಿ ಕೂತು ಆಟವಾಡಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಆ ಆಟಗಳಿಂದಲೇ. ಹೊರಳಿಸುವುದಕ್ಕೆ ಬೇಕಾದದ್ದು ಎರಡು ಜೊತೆ ಕೈ ಮತ್ತು ಒಂದು ಗಡಿಯಾರ. ನಮ್ಮ ವಾರ್ಡಿನಲ್ಲಿ ಗಡಿಯಾರವಿತ್ತು.

ಕೈಗಳು ಯಾಕೆ ಇರಲಿಲ್ಲ ಎಂಬುದಕ್ಕೆ ಯಾರ ಕ್ರೌರ್ಯವೂ ಕಾರಣವಾಗಿರಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್, ಒಬ್ಬ ಸಹಾಯಕ, ಸುಮಾರು ಅರವತ್ತು ರೋಗಿಗಳು. ಮಂಚ ಸಾಲದೆ ಇಬ್ಬರ ನಡುವೆ ನೆಲದ ಮೇಲೆ ಮತ್ತೊಬ್ಬ. ಒಬ್ಬಳೇ ನರ್ಸ್ ಇಂಜೆಕ್ಷನ್ ಮುಗಿಸುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತಿತ್ತು. ಅವರ ಸುತ್ತು ಗಾರ್ಡಿಯನ್ನರ ಕೂಗಿನ ಮೇಲೆ ನಡೆಯುತ್ತಿತ್ತು. ಯಾರ ಗಾರ್ಡಿಯನ್ ಬಂದು ಕರೆಯುತ್ತಾರೋ ಅವರ ಕಡೆಗೆ ಹೋಗುವುದು, ಕರೆಯದವರು ಸುಖವಾಗಿದ್ದಾರೆಂದು ತಿಳಿಯುವುದು. ಈ ಹುಡುಗನ ಪರವಾಗಿ ಕೂಗುವವರು ಯಾರೂ ಇರಲಿಲ್ಲ. ವಾರ್ಡಿನ ದಪ್ಪ ರಿಜಿಸ್ಟರಿನಲ್ಲಿ ಅವನ ವಯಸ್ಸು, ಊರು, ಕಾಯಿಲೆ ಎಲ್ಲಕ್ಕೂ ಕಾಲಂ ಇತ್ತು. ಜೊತೆಯಲ್ಲಿ ಯಾರಿದ್ದಾರೆ ಎಂಬುದಕ್ಕೆ ಮಾತ್ರ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಅವನ ಹುಣ್ಣು ಹುಟ್ಟಿದ್ದು ಆ ಇಲ್ಲದ ಕಾಲಮ್ಮಿನಲ್ಲಿ. ದಿನದ ಇಪ್ಪತ್ತನಾಲ್ಕು ಗಂಟೆಯ ಆರೈಕೆಯನ್ನು ಮನೆಯವರ ಹೆಗಲಿಗೆ ಬಿಟ್ಟ ಆಸ್ಪತ್ರೆ, ಮನೆಯವರು ಇಲ್ಲ ಎಂಬುದನ್ನು ರಕ್ತದೊತ್ತಡ, ಜ್ವರಗಳಷ್ಟೇ ಗಂಭೀರವಾಗಿ ಬರೆದುಕೊಳ್ಳಬೇಕಿತ್ತು.

ವಿಷಯ ತಿಳಿದ ಗೆಳೆಯರು ದೂರದಿಂದ ತರಹೇವಾರಿ ಸಲಹೆ ಕೊಟ್ಟರು. ಫೋಟೋ ತೆಗೆದು ಅಂತರ್ಜಾಲದಲ್ಲಿ ಹಾಕು, ಹಣ ಹರಿದುಬರುತ್ತದೆ ಎಂದರು ಕೆಲವರು. ಅರೆನಗ್ನವಾಗಿ, ಅಸಹಾಯಕನಾಗಿ ಮಲಗಿರುವ ಹುಡುಗನ ಚಿತ್ರವನ್ನು ಲೋಕಕ್ಕೆ ತೋರಿಸಿ ಅವನಿಗೆ ಉಪಕಾರ ಮಾಡುವುದನ್ನು ನಾನು ಒಪ್ಪಲಾರೆ. ಅವನು ಹೂಂ ಎಂದಿದ್ದರೂ, ಊಟಕ್ಕೆ ಇನ್ನೊಬ್ಬರನ್ನು ಕಾಯುವ ಸ್ಥಿತಿಯಲ್ಲಿ ಹೇಳಿದ ಹೂಂ ಒಪ್ಪಿಗೆಯಾಗುವುದಿಲ್ಲ. ದೂರು ಕೊಡು ಎಂದರು ಇನ್ನು ಕೆಲವರು. ರೋಗಿಗಳ ದೂರು ಕೇಳಲೆಂದೇ ಮಲಾವಿಯ ಆಸ್ಪತ್ರೆಗಳಲ್ಲಿ ಓಂಬುಡ್ಸ್‌ಮನ್ ಎಂಬ ಹೊಣೆಗಾರರಿರುತ್ತಾರೆ. ಆ ಬಾಗಿಲು ತೆರೆದಿರುವುದು ತಿಳಿದಿತ್ತು. ಆದರೂ ವಾರ್ಡನ್ನು ನಡೆಸುವವರ ಜೊತೆ ಮಾತಾಡದೆ ಅವರ ಮೇಲೆ ದೂರು ಒಯ್ಯುವುದು, ಅದರಲ್ಲೂ ಪರದೇಶದವಳಾದ ನಾನು ಒಯ್ಯುವುದು, ಆ ಹುಡುಗನಿಗೆ ಶತ್ರುಗಳನ್ನು ಮಾಡಿಕೊಟ್ಟಂತಾಗುತ್ತಿತ್ತು. ನಾನು ಹೊರಟುಹೋದ ಮೇಲೂ ಅವನು ಇರಬೇಕಾದದ್ದು ಅವರ ಕೈಯಲ್ಲಿ ತಾನೆ?

ಆದ್ದರಿಂದ ಸಿಸ್ಟರ್ ಇನ್‌ಚಾರ್ಜ್ ಅವರ ಬಳಿ ಹೋದೆ. ಐವತ್ತು ದಾಟಿದ ಗಟ್ಟಿಗಿತ್ತಿ, ಎರಡು ವಾರ್ಡುಗಳ ಹೊಣೆ ಹೊತ್ತವರು. ಅಲ್ಲಿನ ರೂಢಿಯಂತೆ ನಾನು ಅವರನ್ನು ಅಮಾಯಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದೆ. ಕುಶಲ ಕೇಳಿ, ಅವರ ಮೊಮ್ಮಗಳ ಶಾಲೆಯ ವಿಷಯ ಮಾತಾಡಿ, ಆಮೇಲೆ ಹುಡುಗನ ಮಾತೆತ್ತಿದೆ. ಅವರು ತಕ್ಷಣ ಉತ್ತರಿಸಲಿಲ್ಲ. ಎದ್ದು ನನ್ನೊಡನೆ ಮಂಚದ ತನಕ ಬಂದು, ಹೊದಿಕೆ ಸರಿಸಿ ನೋಡಿ, ಬಹಳ ಹೊತ್ತು ಸುಮ್ಮನೆ ನಿಂತರು. "ಇವನಿಗೆ ಗಾರ್ಡಿಯನ್ ಇಲ್ಲವೆಂದು ನನಗೆ ಯಾರೂ ಹೇಳಲಿಲ್ಲ" ಎಂದರು. ಅವರ ದನಿಯಲ್ಲಿ ಇದ್ದದ್ದು ನೋವು. ನಾನು ಕೇಳಿದ್ದು ಹೆಚ್ಚೇನಲ್ಲ: ಹೊರಳಿಸುವುದಕ್ಕೆ ಒಂದು ಚಾರ್ಟು, ಹರಿಯದ ಒಂದು ಹಾಸಿಗೆ, ಕೈಗೆಟುಕುವ ಕಡೆ ನೀರು, ಹುಣ್ಣನ್ನು ಕ್ಲಿನಿಕಲ್ ಆಫೀಸರ್ ಒಮ್ಮೆ ನೋಡುವುದು. ಮಲಾವಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ವೈದ್ಯರು ಬೆರಳೆಣಿಕೆಯಷ್ಟಿದ್ದು, ಮೂರು ವರ್ಷದ ಡಿಪ್ಲೊಮಾ ಪಡೆದ ಕ್ಲಿನಿಕಲ್ ಆಫೀಸರುಗಳೇ ಹೆಚ್ಚಿನ ಚಿಕಿತ್ಸೆ, ಶಸ್ತ್ರಕ್ರಿಯೆಗಳನ್ನು ಮಾಡುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ.

ಚಾರ್ಟನ್ನು ಸಿಸ್ಟರ್ ತಾವೇ ಬರೆದರು. ಹಳೆಯ ಲ್ಯಾಬ್ ಫಾರಂ ಒಂದರ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಆರು, ಎಂಟು, ಹತ್ತು, ಹನ್ನೆರಡು ಎಂದು ಗಂಟೆ ಹಾಕಿ, ಎಡ, ಬಲ ಎಂದು ಬರೆದು, ಕೊನೆಯಲ್ಲಿ ಹೊರಳಿಸಿದವರ ಸಹಿಗೆ ಜಾಗ ಬಿಟ್ಟು, ಮಂಚದ ಕಾಲುಗಡೆಯ ಸರಳಿಗೆ ಬ್ಯಾಂಡೇಜಿನ ದಾರದಲ್ಲಿ ಕಟ್ಟಿದರು. ಹುಣ್ಣು ಇದ್ದದ್ದರಿಂದ ಅಂಗಾತ ಮಲಗಿಸುವುದು ನಿಷಿದ್ಧ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದರು. ಸಹಿಯ ಜಾಗದಲ್ಲೇ ಆ ಕಾಗದದ ಬಲವೆಲ್ಲ ಇತ್ತು. ಹೆಸರು ಹಾಕಬೇಕಾದ ಕಡೆ ಖಾಲಿ ಬಿಡುವುದು ಯಾರಿಗೂ ಸುಲಭವಲ್ಲ. ದಿಂಬಿನ ಬದಲು ಹಳೆಯ ಚಿಟೆಂಜೆಗಳನ್ನು ಸುತ್ತಿ ಬೆನ್ನ ಹಿಂದೆ ಆನಿಸಿದರು. ಇನ್ನೊಂದು ಸುರುಳಿಯನ್ನು ಮೀನಖಂಡದ ಕೆಳಗಿಟ್ಟು, ಹಿಮ್ಮಡಿಗಳು ಎಲ್ಲಿಗೂ ತಾಗದಂತೆ ಗಾಳಿಯಲ್ಲಿ ನಿಲ್ಲಿಸಿದರು. ಇದ್ದುದರಲ್ಲಿ ಒಳ್ಳೆಯ ಹಾಸಿಗೆಯೊಂದು ಉಗ್ರಾಣದ ಮೂಲೆಯಲ್ಲೇ, ಯಾವ ಪುಸ್ತಕಕ್ಕೂ ಏರದೆ, ಗೋಡೆಗೆ ಒರಗಿ ನಿಂತಿತ್ತು. ಅದನ್ನು ಪುಸ್ತಕಕ್ಕೆ ಏರಿಸಿ ವಾರ್ಡಿಗೆ ಕೊಡಿಸುವುದು ನನ್ನ ಅಧಿಕಾರದೊಳಗಿನ ಕೆಲಸವಾಗಿತ್ತು, ಅದನ್ನು ಸಂತೋಷದಿಂದ ಮಾಡಿದೆ.

ಕ್ಲಿನಿಕಲ್ ಆಫೀಸರ್ ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು. ಮೂತ್ರದ ನಳಿಕೆಯಾದ ಕ್ಯಾಥೆಟರ್ ಬದಲಿಸಿದರು. ಕುದಿಸಿ ಆರಿಸಿದ ಉಪ್ಪುನೀರಿನಿಂದ ದಿನವೂ ತೊಳೆದು ಡ್ರೆಸಿಂಗ್ ಹಾಕಬೇಕೆಂದು ಅವನ ಹೆಲ್ತ್ ಪಾಸ್‌ಪೋರ್ಟಿನಲ್ಲಿ ಬರೆದರು. ಮಲಾವಿಯಲ್ಲಿ ಪ್ರತಿ ರೋಗಿಯೂ ತನ್ನ ಚಿಕಿತ್ಸೆಯ ದಾಖಲೆಯನ್ನು ಈ ಪುಟ್ಟ ಪುಸ್ತಕದಲ್ಲಿ ತಾನೇ ಇಟ್ಟುಕೊಂಡಿರುತ್ತಾನೆ. ಬೇರೆ ಆಸ್ಪತ್ರೆಗೆ ಹೋದರೂ ಅದೇ ಪುಸ್ತಕ. ಊಟದ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಇಷ್ಟು ದೊಡ್ಡ ಹುಣ್ಣು ತುಂಬಿಕೊಳ್ಳಬೇಕಾದರೆ ಬರಿಯ ನ್ಸಿಮಾ ಸಾಲದು, ಪ್ರೋಟೀನು ಬೇಕು. ಮೊಟ್ಟೆ, ಕಡಲೆಕಾಯಿ, ಅವರೆಜಾತಿಯ ಕಾಳು, ಮಲಾವಿ ಸರೋವರದ ಉಸಿಪಾ ಎಂಬ ಸಣ್ಣ ಒಣಮೀನು ಎಲ್ಲವೂ ಸಂತೆಯಲ್ಲಿ ಸಿಗುತ್ತಿತ್ತು, ಆದರೆ ತಂದು ಬೇಯಿಸುವವರು ಬೇಕಲ್ಲ.

ಆ ಕೆಲಸಕ್ಕೆ ಪಕ್ಕದ ಮಂಚದ ಅಜ್ಜಿ ಮುಂದೆ ಬಂದರು. ಕಾಲು ಮುರಿದ ಮಗನಿಗೆ ಗಾರ್ಡಿಯನ್ನಾಗಿ ಬಂದಿದ್ದ ಅವರನ್ನು ವಾರ್ಡೆಲ್ಲ ಅಗೋಗೊ, ಅಂದರೆ ಅಜ್ಜಿ, ಎಂದು ಕರೆಯುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಬರುವ ಮೊದಲೇ ಅವರು ಎಷ್ಟೋ ಸಲ ಹುಡುಗನಿಗೆ ನೀರು ಕೊಟ್ಟಿದ್ದರು. ಆದರೆ ಪರರ ರೋಗಿಯನ್ನು ಮುಟ್ಟಿ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಅಂಜಿಕೆಯಿಂದ ಅಷ್ಟಕ್ಕೇ ನಿಲ್ಲಿಸಿದ್ದರು. ಸಿಸ್ಟರ್ ಎಲ್ಲ ಗಾರ್ಡಿಯನ್ನರನ್ನು ಸೇರಿಸಿ, ಹೊರಳಿಸುವಾಗ ತಲೆ, ಹೆಗಲು, ಸೊಂಟ ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ತಿರುಗಬೇಕು, ಎಳೆಯಬಾರದು, ಎತ್ತಬೇಕು ಎಂದು ಮಾಡಿ ತೋರಿಸಿದ ಮೇಲೆ ಆ ಅಂಜಿಕೆ ಹೋಯಿತು. ಹಗಲಿನ ಸರದಿಯನ್ನು ನಾಲ್ಕೈದು ಹೆಂಗಸರು ಹಂಚಿಕೊಂಡರು. ಅಗೋಗೊ ತಮ್ಮ ಮಗನಿಗೆ ಬೇಯಿಸುವ ಪಾತ್ರೆಗೇ ಇನ್ನೊಂದು ಹಿಡಿ ಹಿಟ್ಟು ಹಾಕಿದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಚಾರ್ಟಿನ ಸಹಿಯ ಜಾಗದಲ್ಲಿ ಒಂದು ಸಣ್ಣ ಸುತ್ತು ಹಾಕುತ್ತಿದ್ದರು. ಒಂದು ವಾರದ ಹಾಳೆಯಲ್ಲಿ ಎಣಿಸಿದರೆ ಹೆಚ್ಚು ಇದ್ದದ್ದು ಆ ಸುತ್ತುಗಳೇ. ನಾನು ದಿನಸಿಗೆ ಅಲ್ಲಿನ ನಾಣ್ಯವಾದ ಕ್ವಾಚಾ ಒಂದಷ್ಟು ಕೊಡುತ್ತಿದ್ದೆ. ಅದನ್ನು ಹುಡುಗನ ಹೆಸರಿಗೆ ಕೊಡದೆ ಷೆಡ್ಡಿನ ಅಡುಗೆಗೆ ಒಟ್ಟಾಗಿ ಕೊಟ್ಟೆ. ಅರವತ್ತು ಮಂದಿ ಬಡವರ ನಡುವೆ ಒಂದೇ ಮಂಚಕ್ಕೆ ಪರದೇಶದ ಹಣ ಇಳಿದರೆ ಅದು ಆ ಮಂಚದವನನ್ನು ಮತ್ತೆ ಒಂಟಿ ಮಾಡುತ್ತದೆ.

ರಾತ್ರಿಯ ಸರದಿ ಮಾತ್ರ ಕಷ್ಟವಾಗಿಯೇ ಉಳಿಯಿತು. ಚಾರ್ಟಿನಲ್ಲಿ ಎರಡು ಗಂಟೆ, ನಾಲ್ಕು ಗಂಟೆಯ ಸಾಲುಗಳು ಹಲವು ದಿನ ಖಾಲಿ ಇದ್ದವು. ಅದಕ್ಕೆ ಮನೆಯವರೇ ಬರಬೇಕಿತ್ತು. ಮನೆಯವರನ್ನು ಹುಡುಕುವ ದಾರಿಯನ್ನು ತೋರಿಸಿದ್ದೂ ಅಲ್ಲಿನ ವ್ಯವಸ್ಥೆಯೇ. ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್ ಎಂಬ ಕಾರ್ಯಕರ್ತರು ಮಲಾವಿಯ ಹಳ್ಳಿಹಳ್ಳಿಗಳಲ್ಲಿದ್ದಾರೆ. 1,000 ಜನರಿಗೆ ಒಬ್ಬರಾದರೂ ಇರಬೇಕೆಂಬುದು ಸರ್ಕಾರದ ಗುರಿ. ಮಕ್ಕಳಿಗೆ ಲಸಿಕೆ ಹಾಕುತ್ತ, ಬಾವಿಗೆ ಕ್ಲೋರಿನ್ ಹಾಕಿಸುತ್ತ ತಿರುಗುವ ಇವರಿಗೆ ತಮ್ಮ ಹಳ್ಳಿಯ ಮನೆಮನೆಯೂ ಗೊತ್ತು. ನಮ್ಮ ಆಸ್ಪತ್ರೆಯ ಕಚೇರಿಯಿಂದ ರುಂಫಿಯ ಕಚೇರಿಗೆ, ಅಲ್ಲಿಂದ ಹಳ್ಳಿಯ ಕಾರ್ಯಕರ್ತನಿಗೆ, ಅವನಿಂದ ಊರಿನ ಮುಖಂಡನಿಗೆ ಮಾತು ಹೋಯಿತು. ಕೊನೆಗೆ ತಾಯಿಯ ದನಿ ಯಾರದೋ ಫೋನಿನಲ್ಲಿ ಕೇಳಿಸಿತು. ಮಗ ಸತ್ತೇಹೋದನೆಂದು ಅವರಿಗೆ ಯಾರೋ ಹೇಳಿದ್ದರಂತೆ. ಹುಡುಗ ಫೋನನ್ನು ಎರಡೂ ಕೈಯಲ್ಲಿ ಹಿಡಿದು ತುಂಬುಕಾದಲ್ಲಿ ಒಂದೇ ಸಮನೆ ಮಾತಾಡಿದ. ಅಷ್ಟೊಂದು ಮಾತು ಅವನಲ್ಲಿತ್ತೆಂದು ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನ ಖರ್ಚನ್ನು ಊರವರು ಅರ್ಧ ಕೂಡಿಸಿದರು, ಉಳಿದದ್ದನ್ನು ಆಸ್ಪತ್ರೆಯ ಸಿಬ್ಬಂದಿ ತಮ್ಮತಮ್ಮಲ್ಲೇ ಎತ್ತಿ ಮೊಬೈಲ್ ಮೂಲಕ ಕಳಿಸಿದರು.

ತಾಯಿ ಬಂದ ಮೇಲೆ ಚಾರ್ಟಿನಲ್ಲಿ ಖಾಲಿ ಸಾಲುಗಳು ಕಾಣಲಿಲ್ಲ. ಹುಣ್ಣು ನಿಧಾನವಾಗಿ, ಬಹಳ ನಿಧಾನವಾಗಿ, ತಳದಿಂದ ಕೆಂಪಗೆ ತುಂಬಿಕೊಳ್ಳತೊಡಗಿತು. ಅಂಥ ಕೆಂಪನ್ನು ನೋಡಿದಾಗ ಆಗುವ ಸಂತೋಷ ಗಾಯದ ಡ್ರೆಸಿಂಗ್ ಮಾಡಿದವರಿಗೆಲ್ಲ ಗೊತ್ತು. ಆಮೇಲಿನ ಕೆಲಸ ಬ್ಲಾಂಟೈರಿನ ಕಚೇರೆ ಪುನರ್ವಸತಿ ಕೇಂದ್ರಕ್ಕೆ ಅವನನ್ನು ಕಳುಹಿಸುವುದು. ಬೆನ್ನುಹುರಿಗೆ ಪೆಟ್ಟಾದವರಿಗೆ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ಬದುಕಲು ಕಲಿಸುವ ಸ್ಥಳ ಅದು. ಪತ್ರ ಬರೆಯುವುದು, ಆಂಬ್ಯುಲೆನ್ಸಿಗೆ ಡೀಸೆಲ್ ಇರುವ ದಿನವನ್ನು ಕಾಯುವುದು, ಇವೆಲ್ಲ ಕ್ಲಿನಿಕಲ್ ಆಫೀಸರ್ ಮತ್ತು ಸಿಸ್ಟರ್ ನಡೆಸಿದ ಕೆಲಸ. ನನ್ನ ಪಾಲು ಅವರಿಗೆ ನೆನಪಿಸುತ್ತ ಇರುವುದಷ್ಟೇ ಆಗಿತ್ತು. ಅಲ್ಲಿ ಅವನು ಕೈಯ ಬಲದ ಮೇಲೆ ಮಂಚದಿಂದ ಗಾಲಿಕುರ್ಚಿಗೆ ದಾಟುವುದನ್ನು, ಕುರ್ಚಿಯಲ್ಲಿ ಕೂತಾಗ ಕಾಲು ಗಂಟೆಗೊಮ್ಮೆ ಕೈಯೂರಿ ಮೈಯನ್ನು ಮೇಲೆತ್ತುವುದನ್ನು, ಸಣ್ಣ ಕನ್ನಡಿ ಹಿಡಿದು ತನ್ನ ಬೆನ್ನಿನ ಚರ್ಮವನ್ನು ತಾನೇ ನೋಡಿಕೊಳ್ಳುವುದನ್ನು ಕಲಿತ. ಕಾಲುಗಳಿಗೆ ಚಲನೆ ಮರಳಲಿಲ್ಲ, ಮರಳುತ್ತದೆಂದು ಯಾರೂ ಅವನಿಗೆ ಸುಳ್ಳು ಭರವಸೆ ಕೊಡಲೂ ಇಲ್ಲ.

ನನ್ನ ಅವಧಿ ಮುಗಿಯುವ ಮೊದಲು ಸಿಸ್ಟರ್ ಜೊತೆ ಕೂತು ಇನ್ನೊಂದು ವಿಷಯ ಮಾತಾಡಿದೆ. ವಾರ್ಡಿನ ರಿಜಿಸ್ಟರಿನಲ್ಲಿ ಈಗ ಕೈಯಿಂದ ಎಳೆದ ಒಂದು ಹೊಸ ಕಾಲಂ ಇದೆ: ಗಾರ್ಡಿಯನ್ ಇದ್ದಾರೆಯೇ, ಇಲ್ಲವೇ. ಇಲ್ಲ ಎಂದಾದರೆ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ಬೆಳಗಿನ ಪಾಳಿ ಬದಲಾಗುವಾಗ ಆ ಹೆಸರುಗಳನ್ನೇ ಮೊದಲು ಓದುತ್ತಾರೆ. ಹೆಂಗಸರ ವಾರ್ಡಿನ ಸಿಸ್ಟರ್ ಕೂಡ ಆ ಕಾಲಮ್ಮನ್ನು ತಮ್ಮ ಪುಸ್ತಕಕ್ಕೆ ಹಾಕಿಕೊಂಡರೆಂದು ಮೊನ್ನೆ ಸಂದೇಶ ಬಂತು. ಜೊತೆಗೆ, ಹರಿದ ಹಾಸಿಗೆಗಳಿಗೆ ಹೊಸ ರೆಕ್ಸಿನ್ ಹೊಲಿಸಲು ಜಿಲ್ಲಾ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲವೆಂದು ತಿಳಿಸಿದ್ದಾರೆ. ಮಾವಿನ ಕಾಲ ಬರುವುದರೊಳಗೆ ಅದಾಗಬೇಕು. ಈ ವಾರ ಅರ್ಜಿಯ ಪ್ರತಿಯೊಂದಿಗೆ ಮತ್ತೆ ಬರೆಯುತ್ತಿದ್ದೇನೆ.